ಚೌಕ ಎಣಿಸಿ ಮುದ್ದೆ ಉಂಡೆ: ನನ್ನ ಅನುಭವ

ಮುದ್ದೆ ತಿಂದರೂ ಶುಗರ್ ಏರುತ್ತೆ ಅಂತ ಮಂಡ್ಯದ ಕಡೆಯವರ ಮುಂದೆ ಒಮ್ಮೆ ಹೇಳಿ ನೋಡಿ. ನಾನು ಹೇಳಿದೆ. "ಭಾವ, ಇದನ್ನ ಹೊರಗೆಲ್ಲೂ ಹೇಳ್ಬೇಡಿ" ಅಂದ ಹೆಂಡತಿಯ ತಮ್ಮ. ಅವನಿಗೂ ಶುಗರ್ ಇದೆ. ಹೋದ ವಾರ ಅವನೇ ಬಂದು ನನ್ನ ಗ್ರಾಫ್ ಪುಸ್ತಕ ಕೇಳಿದ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ದಂಡ. ಎಲ್ಲರ ಹಾಗೆ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದೆ, ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಊಟವಾಗಿ ಎರಡು ಗಂಟೆಗೆ ಒಂದು ಸಲ. ಅನ್ನಕ್ಕೂ 160, ಮುದ್ದೆಗೂ 160. ನನಗೆ ಶುಗರ್ ತುದಿ ಮುಟ್ಟುವುದು ಊಟವಾದ ಒಂದು ಗಂಟೆಯ ಆಸುಪಾಸಿನಲ್ಲಿ. ಎರಡು ಗಂಟೆಗೆ ಚುಚ್ಚಿದರೆ ತೇರು ನೆಲೆಗೆ ಬಂದ ಮೇಲೆ ಜಾತ್ರೆಗೆ ಹೋದ ಹಾಗೆ.

ಆಮೇಲೆ ಅರ್ಧ ಗಂಟೆಗೊಮ್ಮೆ, ಮೂರು ಗಂಟೆ ತನಕ. ಊಟಕ್ಕೆ ಮುಂಚಿನದೂ ಸೇರಿ ಏಳು ಸ್ಟ್ರಿಪ್, ಅಂದರೆ ರಕ್ತದ ಹನಿ ತಾಗಿಸುವ ಪಟ್ಟಿ. ಒಂದಕ್ಕೆ 20 ರೂಪಾಯಿ ಅಂದರೂ 140 ಆಯ್ತು. ಊಟಕ್ಕಿಂತ ಅಳತೆಯೇ ದುಬಾರಿ! "ಬೆರಳೆಲ್ಲ ಜರಡಿ ಆಯ್ತಲ್ರೀ" ಅಂತ ಮನೆಯವಳ ಗೊಣಗಾಟ ಬೇರೆ.

ಆದರೂ ಲೆಕ್ಕ ಕೂಡಲಿಲ್ಲ. ಅದೇ ಅನ್ನ, ಅದೇ ತಟ್ಟೆ, ಒಂದು ದಿನ 180, ಇನ್ನೊಂದು ದಿನ 215. ಒಂದು ಸಲವಂತೂ 300 ದಾಟಿತು. ಮಾವಿನಹಣ್ಣು ಹೆಚ್ಚಿ ಕೈ ತೊಳೆಯದೆ ಚುಚ್ಚಿಕೊಂಡಿದ್ದೆ. ಕೊನೆಗೆ ಹಿಂದಿನ ರಾತ್ರಿಯ ಊಟವನ್ನೂ ಒಂದೇ ಥರ ಮಾಡಿಕೊಂಡೆ. ಬೆಂದದ್ದನ್ನು ತೂಗುವುದು ಬಿಟ್ಟು ಹಸಿಯಾಗಿಯೇ ತೂಗಿದೆ. ಅಕ್ಕಿ 65 ಗ್ರಾಂ, ರಾಗಿ ಹಿಟ್ಟು 75 ಗ್ರಾಂ, ಎರಡರಲ್ಲೂ ಪಿಷ್ಟ 50 ಗ್ರಾಂ ಹತ್ತಿರ. ಪ್ರತಿಯೊಂದನ್ನೂ ಮೂರು ಸಲ. ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದು, ಊಟಕ್ಕೆ ಮುಂಚಿನ ಮಟ್ಟಕ್ಕಿಂತ ಮೇಲಿರುವ ಚೌಕಗಳನ್ನು ಎಣಿಸಿದೆ. ತುದಿ ಒಂದನ್ನೇ ನೋಡಿದರೆ ಮೋಸ ಹೋಗ್ತೀರಿ. ನಿಧಾನಕ್ಕೆ ಏರಿ ಇಳಿಯದೇ ಕೂರುವುದೂ ಉಂಟು.

ಅನ್ನಕ್ಕೆ ಸುಮಾರು 120 ಚೌಕ. ಬರೀ ಮುದ್ದೆ, ತಿಳಿ ಸಾರು: 112 ಇರಬೇಕು. ಅಷ್ಟೇ ವ್ಯತ್ಯಾಸ! ಮೊದಲು ಒಂದು ಬಟ್ಟಲು ಹುರುಳಿಕಾಳು, ಸೊಪ್ಪಿನ ಪಲ್ಯ ತಿಂದು, ಹತ್ತು ನಿಮಿಷ ಬಿಟ್ಟು ಅದೇ ಮುದ್ದೆ ನುಂಗಿದರೆ 70 ಚಿಲ್ಲರೆ. ಕಾಳಿನ ಪಿಷ್ಟ ಬೇರೆ ಸೇರಿದರೂ ಇಷ್ಟು ಕಡಿಮೆ. ಹಿಟ್ಟು ತರಿಯಾಗಿ ಬೀಸಿಸಿದಾಗ ಇನ್ನೂ ಇಳಿಯಿತು. ಆ ಹಿಟ್ಟಿಗೆ ನಾನು ಇನ್ನೊಂದು ಕಾಳು ಬೆರೆಸುತ್ತೇನೆ. ಯಾವುದು, ಎಷ್ಟು ಅಂತ ಸದ್ಯಕ್ಕೆ ಹೇಳಲ್ಲ.

ನಡುವೆ ತೋಳಿಗೆ ಅಂಟಿಸುವ, ಶುಗರ್ ಅಳೆಯುತ್ತಲೇ ಇರುವ ಸೆನ್ಸರ್‌ಗೂ ಐದು ಸಾವಿರದಷ್ಟು ಸುರಿದೆ. 14 ದಿನ ಬರಬೇಕಿತ್ತು. ಒಂಬತ್ತನೇ ದಿನ ಯುಗಾದಿ, ಎಣ್ಣೆ ಸ್ನಾನ, ಸೆನ್ಸರ್ ಬಚ್ಚಲಲ್ಲಿ. ಅದಕ್ಕೂ ಮುಂಚೆ ಒಂದು ರಾತ್ರಿ ಶುಗರ್ ತೀರಾ ಇಳಿದು 58 ಆಗಿದೆ ಅಂತ ಕೂಗಿಕೊಂಡಿತು. ಗಾಬರಿಯಲ್ಲಿ ಎರಡು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡೆ. ತಕ್ಷಣ ಬೆರಳು ಚುಚ್ಚಿದರೆ 118! ಆ ತೋಳಿನ ಮೇಲೇ ಮಲಗಿದ್ದೆ, ಒತ್ತಡಕ್ಕೆ ಸುಳ್ಳು ಅಂಕಿ ತೋರಿಸಿತ್ತು. ಊಟದ ಹೊತ್ತಲ್ಲೂ ಅದು ರಕ್ತಕ್ಕಿಂತ ಹತ್ತು ನಿಮಿಷ ಹಿಂದೆಯೇ.

ತಂಗಳನ್ನದ ಪರೀಕ್ಷೆಯೂ ಮಾಡಿದೆ. ಫ್ರಿಜ್‌ನಲ್ಲಿಟ್ಟು ಮಾರನೇ ದಿನ ತಿಂದರೆ ಹತ್ತು ಹದಿನೈದು ಚೌಕ ಕಮ್ಮಿ ಬಂತು. ಮೊಸರೂ ಕಲಸಿದ್ದೆ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾತ್ರೆ ಹೆಚ್ಚು ಕಮ್ಮಿ ಮಾಡಲಿಲ್ಲ, ಅದು ಡಾಕ್ಟರ ಕೆಲಸ. ಊಟದ ಸರದಿ, ಹಿಟ್ಟು ಇವೆರಡನ್ನೇ ಬದಲಿಸಿದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ (HbA1c) ಶೇಕಡಾ 8.1 ಇದ್ದದ್ದು ಈಗ 7ರ ಒಳಗೆ. ಗ್ರಾಫ್ ನೋಡಿ ಮೊದಲು ನಕ್ಕಿದ್ದ ಡಾಕ್ಟರು ಈ ಸಲ ಅದರ ಫೋಟೋ ತೆಗೆದುಕೊಂಡರು. ಭಾವಮೈದುನನಿಗೆ ಪುಸ್ತಕ ಕೊಟ್ಟಿದ್ದೇನೆ, ಹಿಟ್ಟಿನ ಪುಟ ಮಾತ್ರ ಕಿತ್ತಿಟ್ಟುಕೊಂಡೆ.