ಅಂಗೈಯಗಲದ ಕಂಪ್ಯೂಟರ್: ಬಿಚ್ಚಿ ನೋಡುವುದು ಹೇಗೆ?

ಬ್ಯಾಂಕಿನ ಕೌಂಟರ್‌ನಲ್ಲೋ ಆಸ್ಪತ್ರೆಯ ರಿಸೆಪ್ಷನ್‌ನಲ್ಲೋ ಮಾನಿಟರ್ ಹಿಂದೆ ಸಿಕ್ಕಿಸಿದ ಪುಟ್ಟ ಕಪ್ಪು ಪೆಟ್ಟಿಗೆಯನ್ನು ನೋಡಿರುತ್ತೀರಿ. ಇಡೀ ಕಂಪ್ಯೂಟರ್ ಅಷ್ಟೇ. ಕಂಪನಿಗಳು ಕೆಲವು ವರ್ಷ ಬಳಸಿ ಮಾರಿದ ಮೇಲೆ ಇವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಕಂಪ್ಯೂಟರ್ ಒಳಗೆ ಏನಿದೆ ಅಂತ ಕಲಿಯುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ರಿಪೇರಿಗೆ ಬೇಗ ಬಿಚ್ಚಲು ಬರಲಿ ಎಂದೇ ಇವುಗಳನ್ನು ಮಾಡಿರುತ್ತಾರೆ. ಅಂಟು ಹಾಕಿ ಮುಚ್ಚಿರುವುದಿಲ್ಲ.

ಉದಾಹರಣೆಗೆ 2018ರಲ್ಲಿ ಬಂದ ಲೆನೊವೊ ಥಿಂಕ್‌ಸೆಂಟರ್ ಎಂ720ಕ್ಯೂ ತೆಗೆದುಕೊಳ್ಳೋಣ. ಉದ್ದ, ಅಗಲ ಸುಮಾರು 18 ಸೆಂ.ಮೀ., ದಪ್ಪ ಮೂರೂವರೆ ಸೆಂ.ಮೀ. ಬೇರೆ ಕಂಪನಿಗಳ ಮಿನಿ ಮಾದರಿಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಕೈ ಹಾಕುವ ಮುನ್ನ

ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಶಟ್‌ಡೌನ್ ಮಾಡಿ, ಅಡಾಪ್ಟರ್ ಸೇರಿ ಎಲ್ಲ ವೈರ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟ್ ಹೋಗುತ್ತದೆ. ಮನೆಯ 230 ವೋಲ್ಟ್ ಈ ಪೆಟ್ಟಿಗೆಯೊಳಗೆ ಬರುವುದೇ ಇಲ್ಲ. ಹೊರಗಿನ ಅಡಾಪ್ಟರ್ ಅದನ್ನು 20 ವೋಲ್ಟ್‌ಗೆ ಇಳಿಸಿ ಕಳಿಸುತ್ತದೆ. ಆದ್ದರಿಂದ ಹೊಸಬರಿಗೆ ಇದು ಜಾಸ್ತಿ ಸುರಕ್ಷಿತ. ಅಡಾಪ್ಟರ್ ಅನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ.

ಒಣ ಹವೆಯಲ್ಲಿ ಮೈಮೇಲಿನ ಸ್ಟ್ಯಾಟಿಕ್ ಕರೆಂಟ್ ಚಿಪ್‌ಗಳನ್ನು ಸುಡಬಲ್ಲದು. ಚಿಪ್‌ಗಳು ಕೂತಿರುವ ಬೋರ್ಡ್ ಮುಟ್ಟುವ ಮುಂಚೆ ಪೆಟ್ಟಿಗೆಯ ಲೋಹವನ್ನು ಒಮ್ಮೆ ಮುಟ್ಟಿ. ಉಣ್ಣೆಯ ಸ್ವೆಟರ್ ಬೇಡ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಪ್ರತಿ ಹಂತದಲ್ಲೂ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆಯಿರಿ.

ಮೇಲಿನ ಮುಚ್ಚಳ

ಹಿಂಬದಿಯಲ್ಲಿ ಒಂದೇ ಸ್ಕ್ರೂ. ಅದನ್ನು ಸಡಿಲಿಸಿ ಮುಚ್ಚಳವನ್ನು ಮುಂದಕ್ಕೆ ಜಾರಿಸಿದರೆ ಬಂದುಬಿಡುತ್ತದೆ. ಒಂದು ಬದಿಯಲ್ಲಿ ಫ್ಯಾನ್ ಮತ್ತು ಕಾವು ಹೊರಹಾಕುವ ಲೋಹದ ಹೀಟ್ ಸಿಂಕ್, ಇನ್ನೊಂದು ಬದಿಯಲ್ಲಿ ಫೈಲುಗಳನ್ನು ಉಳಿಸಿಡುವ ಎರಡೂವರೆ ಇಂಚಿನ ಡ್ರೈವ್ ಕೂರುವ ಟ್ರೇ. ಡ್ರೈವ್ ಎತ್ತುವ ಮುಂಚೆ ಅದರ ಕನೆಕ್ಟರ್ ಎಲ್ಲಿದೆ ನೋಡಿಕೊಳ್ಳಿ. ಎರಡು ಸಣ್ಣ ಆಂಟೆನಾ ತಂತಿ ಸಿಕ್ಕಿಸಿದ ಚಿಕ್ಕ ಕಾರ್ಡ್ ಕಂಡರೆ ಅದು ವೈಫೈ. ಆ ತಂತಿಗಳ ತುದಿ ತುಂಬಾ ನಾಜೂಕು, ಸುಮ್ನೆ ಕೀಳಬೇಡಿ. ಬಟನ್ ಸೆಲ್ ಇರುವುದು ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಯಲೆಂದು. ಸಿಆರ್2032 ಅಂದರೆ ಯಾವ ಅಂಗಡಿಯಲ್ಲೂ ಕೊಡುತ್ತಾರೆ.

ಬುಡದ ಕಡೆ

ತಿರುಗಿಸಿ ಬುಡದ ಮುಚ್ಚಳವನ್ನೂ ಜಾರಿಸಿ. ಇಲ್ಲಿ ರ‍್ಯಾಮ್, ಅಂದರೆ ಕೆಲಸ ನಡೆಯುವಾಗ ಬಳಸುವ ತಾತ್ಕಾಲಿಕ ಮೆಮೊರಿ ಇದೆ. ಲ್ಯಾಪ್‌ಟಾಪ್‌ಗೆ ಹಾಕುವ ಡಿಡಿಆರ್4 ಎಂಬ ಬಗೆಯ ಪಟ್ಟಿಗಳೇ, ಎರಡು ಸ್ಲಾಟ್. ಎರಡೂ ತುದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿದರೆ ಪಟ್ಟಿ ತಾನೇ ಓರೆಯಾಗಿ ಮೇಲೇಳುತ್ತದೆ. ಪಕ್ಕದಲ್ಲಿ ಎಂ.2 ಎಸ್‌ಎಸ್‌ಡಿ. 22 ಮಿ.ಮೀ. ಅಗಲ, 80 ಮಿ.ಮೀ. ಉದ್ದದ ಈ ಪಟ್ಟಿಯೊಳಗೆ ನಿಮ್ಮ ಫೋಟೊ, ಲೆಕ್ಕಪತ್ರ, ವಿಂಡೋಸ್ ಎಲ್ಲವೂ ಇರುತ್ತದೆ.

ಹೀಟ್ ಸಿಂಕ್ ಮತ್ತು ಪ್ರೊಸೆಸರ್

ಈಗ ಮತ್ತೆ ಮೇಲ್ಭಾಗಕ್ಕೆ ಬನ್ನಿ. ಪೆಟ್ಟಿಗೆಯಲ್ಲಿ ಇಷ್ಟು ಜಾಗ ಹಿಡಿದ ಹೀಟ್ ಸಿಂಕ್ ಯಾವ ಲೆಕ್ಕವನ್ನೂ ಮಾಡುವುದಿಲ್ಲ. ಲೆಕ್ಕ ಮಾಡುವ ಚಿಪ್‌ನ ಕಾವನ್ನು ಹೊರಗೆ ಹಾಕುವುದಷ್ಟೇ ಅದರ ಕೆಲಸ. ಪುಟ್ಟ ಕಂಪ್ಯೂಟರ್ ಮಾಡುವುದರಲ್ಲಿ ನಿಜವಾದ ಕಷ್ಟ ಇರುವುದೇ ಇಲ್ಲಿ ಅಲ್ವಾ? ಅದಕ್ಕೇ ಇದರಲ್ಲಿ ಹೆಸರಿನ ಕೊನೆಗೆ ‘ಟಿ’ ಇರುವ ಇಂಟೆಲ್ ಪ್ರೊಸೆಸರ್ ಹಾಕುತ್ತಾರೆ. ಮಾಮೂಲಿ ಐ5-8400 ಪ್ರೊಸೆಸರ್‌ನ ಮಿತಿ 65 ವಾಟ್. ಐ5-8400ಟಿ 35 ವಾಟ್‌ನದು. ಕೋರ್, ಅಂದರೆ ಲೆಕ್ಕ ಮಾಡುವ ಘಟಕಗಳು, ಎರಡರಲ್ಲೂ ಆರೇ. ವೇಗ ಇಳಿಸಿ ಕಾವು ಕಡಿಮೆ ಮಾಡಿದ್ದಾರೆ.

ಹೀಟ್ ಸಿಂಕ್‌ನ ಸಂದುಗಳಲ್ಲಿ ಧೂಳು ಗಟ್ಟಿಯಾಗಿ ಕೂತಿದ್ದರೆ ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬ್ಲೋಯರ್ ಬಿಡುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಇಲ್ಲದಿದ್ದರೆ ಅತಿಯಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಚಿಪ್‌ನ ಕಾವನ್ನು ಹೀಟ್ ಸಿಂಕ್‌ಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಕೈಯಲ್ಲಿದ್ದರೆ ಮಾತ್ರ ಹೀಟ್ ಸಿಂಕ್ ಎತ್ತಿ. ಮೊದಲು ಫ್ಯಾನ್‌ನ ಕನೆಕ್ಟರ್ ತೆಗೆಯಿರಿ. ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಬನ್ನಿ. ಅಂಟಿಕೊಂಡಿದ್ದರೆ ಎಳೆಯದೆ ಮೆಲ್ಲಗೆ ಅತ್ತಿತ್ತ ತಿರುಚಿ. ಕೆಳಗೆ ಪ್ರೊಸೆಸರ್‌ನ ಹೊಳೆಯುವ ಲೋಹದ ಬೆನ್ನು, ಅದರ ಮೇಲೆ ಒಣಗಿದ ಬೂದು ಪೇಸ್ಟ್ ಕಾಣುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಪ್ರೊಸೆಸರ್‌ನ ಹೆಸರು ಓದಬಹುದು. ಸಾಕೆಟ್‌ನ ಲಿವರ್ ಎತ್ತಿ ಪ್ರೊಸೆಸರ್ ತೆಗೆಯುವ ಆಸೆ ಆಗುತ್ತದೆ. ಮೊದಲ ಸಲ ಬೇಡ. ಅದರಡಿ 1151 ಸೂಕ್ಷ್ಮ ಪಿನ್‌ಗಳಿವೆ, ಒಂದು ಬಾಗಿದರೂ ಬೋರ್ಡ್ ಹೋದಂತೆಯೇ.

ಮತ್ತೆ ಜೋಡಿಸುವಾಗ

ಹೊಸ ಪೇಸ್ಟ್ ಒಂದು ಬಟಾಣಿಗಿಂತ ಕಡಿಮೆ ಸಾಕು. ನಡುವೆ ಇಟ್ಟು ಹೀಟ್ ಸಿಂಕ್ ಒತ್ತಿದರೆ ತಾನೇ ಹರಡುತ್ತದೆ. ರ‍್ಯಾಮ್ ಓರೆಯಾಗಿ ತೂರಿಸಿ, ‘ಟಕ್’ ಅನ್ನುವವರೆಗೆ ಒತ್ತಿ. ಆನ್ ಮಾಡಿ, ಲೋಗೊ ಬಂದಾಗ ಎಫ್1 ಒತ್ತಿದರೆ ಬಯಾಸ್, ಅಂದರೆ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳ ಪರದೆ ತೆರೆಯುತ್ತದೆ. ರ‍್ಯಾಮ್ ಎಷ್ಟು, ತಾರೀಖು ಸರಿಯಿದೆಯೇ ಅಲ್ಲೇ ನೋಡಬಹುದು. ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ವೈರ್ ಕಿತ್ತು, ರ‍್ಯಾಮ್ ತೆಗೆದು ಮತ್ತೆ ಕೂರಿಸಿ, ಬಹಳಷ್ಟು ಸಲ ತೊಂದರೆ ಅಲ್ಲೇ ಇರುತ್ತದೆ. ಫ್ಯಾನ್ ತಿರುಗುತ್ತಿಲ್ಲ ಎಂಬ ಸೂಚನೆ ಬಂದರೆ ಮಾತ್ರ ತಕ್ಷಣ ಆಫ್ ಮಾಡಿ ಅದರ ಕನೆಕ್ಟರ್ ನೋಡಿ.