ಡೆಸ್ಕ್‌ಟಾಪ್ ಕೊಳ್ಳುವ ಮುನ್ನ: ಕರಾವಳಿಗೆ ಹೊಸದಾಗಿ ಬಂದವರಿಗೆ

ಬ್ಯಾಂಕಿನ ವರ್ಗಾವಣೆಯಲ್ಲೋ, ಮಣಿಪಾಲ ಸುರತ್ಕಲ್ ಕಡೆಯ ಕಾಲೇಜು ಕೆಲಸಕ್ಕೋ ಬಂದು ಬಾಡಿಗೆ ಮನೆ ಹಿಡಿದ ಮೇಲೆ ಮಕ್ಕಳ ಓದಿಗೆ ಕಂಪ್ಯೂಟರ್ ಬೇಕಾಗುತ್ತದೆ. ಆಗ ಹೊಸಬರು ನಮ್ಮನ್ನು ಕೇಳುವುದು ಒಂದೇ ಮಾತು: ಮೂವತ್ತು ಸಾವಿರದ್ದು ಸಾಕೋ, ಲಕ್ಷದ್ದೇ ಆಗಬೇಕೋ? ಘಟ್ಟದ ಮೇಲಾದರೆ ಪ್ರೊಸೆಸರ್ ನೋಡಿ ಉತ್ತರ ಹೇಳಬಹುದಿತ್ತು. ಇಲ್ಲಿ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸಿಡಿಲು ಮೂರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆನ್‌ಲೈನ್ ತರಗತಿ, ಮನೆಯ ಲೆಕ್ಕಪತ್ರ, ‘ನುಡಿ’ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಇಷ್ಟಕ್ಕೆ ಐ3 ಅಥವಾ ರೈಜನ್ 3 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕಿಗಿಂತ ವೇಗವಾಗಿ ಫೈಲು ತೆರೆಯುವ 512 ಜಿಬಿ ಎಸ್‌ಎಸ್‌ಡಿ ಧಾರಾಳ. (ನುಡಿಯ ಕೀಲಿಮಣೆ ವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಇಲ್ಲಿಯೇ ಮಂಗಳೂರು ಬಳಿಯ ಕಿನ್ನಿಕಂಬಳದವರು. ಊರಿನ ಹೆಮ್ಮೆ, ಹೇಳದೆ ಇರಲಾಗುವುದಿಲ್ಲ.) 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ ಈಗ 8 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಇರುವ ಮದರ್‌ಬೋರ್ಡ್ ಕೇಳಿ. ಬರೀ ಹಾರ್ಡ್ ಡಿಸ್ಕ್ ಇರುವುದು ಎಷ್ಟೇ ಅಗ್ಗವಾದರೂ ಬೇಡ. ದುಬಾರಿ ಯಂತ್ರದ ದುಡ್ಡು ಹೆಚ್ಚಾಗಿ ಹೋಗುವುದು ಗ್ರಾಫಿಕ್ಸ್ ಕಾರ್ಡಿಗೆ. ವಿಡಿಯೊ ಎಡಿಟಿಂಗ್, ತ್ರೀಡಿ, ದೊಡ್ಡ ಗೇಮ್ ಯಾವುದೂ ಇಲ್ಲದ ಮನೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಅಗ್ಗದ ಯಂತ್ರ ಸೋಲುವುದು ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಎಸ್‌ಎಂಪಿಎಸ್‌ನಲ್ಲಿ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯಲ್ಲೋ ಅಸೆಂಬಲ್ ಮಾಡಿಸುವಾಗ ಕ್ಯಾಬಿನೆಟ್ ಜೊತೆಗೇ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡವೆನ್ನಿ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿನ ಒಳ್ಳೆಯ ಕಂಪನಿಯದ್ದು ಹಾಕಿಸಿ. ವೋಲ್ಟೇಜ್ ಏರಿಳಿದಾಗ ಕೆಟ್ಟ ಎಸ್‌ಎಂಪಿಎಸ್ ತಾನೊಂದೇ ಸಾಯುವುದಿಲ್ಲ ಮಾರಾಯ್ರೆ, ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಐ3ರಿಂದ ಐ5ಕ್ಕೆ ಏರಲು ಇಟ್ಟ ದುಡ್ಡು ಇದ್ದರೆ ಮೊದಲು ಎಸ್‌ಎಂಪಿಎಸ್‌ಗೆ, ಆಮೇಲೆ 600 ವಿಎ ಯುಪಿಎಸ್‌ಗೆ ಹಾಕಿ. ಮನೆಯಲ್ಲಿ ಇನ್ವರ್ಟರ್ ಉಂಟೆಂದರೆ ಅದರ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿ ಇರಲಿ, ಇಲ್ಲವಾದರೆ ಕರೆಂಟು ಹೋದಾಗೆಲ್ಲ ಕಂಪ್ಯೂಟರ್ ರಿಸ್ಟಾರ್ಟ್ ಆಗಬಹುದು.

ಏಪ್ರಿಲ್–ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ ಸಿಡಿಲಿನ ಕಾಟ ಜೋರು. ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಪಕ್ಕದ ಕಟ್ಟಡದಿಂದ ತೆಂಗಿನ ಮರದ ಮೇಲೆ ಎಳೆದು ತಂದ ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಬಿಡಿಸಬೇಕು, ಸಿಡಿಲಿಗೆ ಆ ದಾರಿಯೂ ಸಾಕು. ಬಾಡಿಗೆ ಮನೆಯಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಹಳೆಯ ಹಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದೂ ಒಳಗೆ ಅರ್ಥ್ ವಯರ್ ಇರದಿರಬಹುದು. ಸಿಡಿಲಿನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ನಿಮ್ಮ ಯಂತ್ರ ಲಕ್ಷದ್ದಾದರೂ ಸರಿ.

ಸೆಕೆಂಡ್‌ಹ್ಯಾಂಡ್ ಆಫೀಸ್ ಯಂತ್ರಗಳು ಹತ್ತು–ಹದಿನೈದು ಸಾವಿರಕ್ಕೆ ಸಿಗುತ್ತವೆ, ಗಟ್ಟಿಯೂ ಇರುತ್ತವೆ. ಆದರೆ ‘ಐ5’ ಎಂದಷ್ಟೇ ಕೇಳಿ ಒಪ್ಪಬೇಡಿ, ಯಾವ ಜನರೇಷನ್ (ತಲೆಮಾರು) ಎಂದು ಕೇಳಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ನಡೆಯುವುದು ಇಂಟೆಲ್‌ನ 8ನೇ ಜನರೇಷನ್‌ನಿಂದ ಈಚಿನವುಗಳಲ್ಲಿ.

ದುಬಾರಿ ಬ್ರ್ಯಾಂಡಿನದ್ದೇ ಕೊಳ್ಳುವುದಕ್ಕೆ ನಮ್ಮ ಪ್ರಕಾರ ಒಂದು ಒಳ್ಳೆಯ ಕಾರಣವಿದೆ: ಮೂರು ವರ್ಷದ ಆನ್‌ಸೈಟ್ ವಾರಂಟಿ, ಅಂದರೆ ಮನೆಗೇ ಬಂದು ರಿಪೇರಿ ಮಾಡಿಕೊಡುವುದು. ಅದು ನಿಮ್ಮ ಪಿನ್‌ಕೋಡಿಗೆ ಉಂಟೇ ಎಂದು ದುಡ್ಡು ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ, ಕುಂದಾಪುರದಾಚೆಯ ಹಳ್ಳಿಯಲ್ಲಿದ್ದರಂತೂ ತಪ್ಪದೆ. ಅಸೆಂಬಲ್ ಮಾಡಿಸಿದ್ದರೆ ಬಿಲ್ಲಿನಲ್ಲಿ ಒಂದೊಂದು ಭಾಗದ ಸೀರಿಯಲ್ ನಂಬರೂ ಇರಲಿ.

ಮಳೆಗಾಲದಲ್ಲಿ ಕ್ಯಾಬಿನೆಟ್ಟನ್ನು ನೆಲಕ್ಕೂ ಒದ್ದೆ ಗೋಡೆಗೂ ತಾಗಿಸಿ ಇಡಬೇಡಿ, ಬಳಕೆ ಇಲ್ಲದ ದಿನವೂ ಅರ್ಧ ಗಂಟೆ ಆನ್ ಮಾಡಿಡಿ. ಒಂದು ಬೆಳಿಗ್ಗೆ ಬರೀ ಬೀಪ್ ಸದ್ದು ಬಂದು ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ರ‍್ಯಾಮ್ ತೆಗೆದು ಅದರ ಹಳದಿ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಮದರ್‌ಬೋರ್ಡ್ ಹೋಗಿದೆ ಎಂದು ಯಾರಾದರೂ ಹೇಳಿದರೆ, ಮೊದಲು ಇದನ್ನು ಮಾಡಿ ನೋಡಿದ್ದೀರಾ ಎಂದು ಕೇಳಿ.