ಸೊಸೈಟಿಗೆ ಬರೆಯುವ ಪತ್ರದಲ್ಲಿ ‘ವನ್ ಆಫ್ ದ’

ಮುಂಬೈಯ ಹೌಸಿಂಗ್ ಸೊಸೈಟಿಗೆ ಇಂಗ್ಲಿಷಿನಲ್ಲಿ ದೂರು ಬರೆಯುವ ನಮ್ಮವರ ಕೈಯಿಂದ ಇಂಥ ಸಾಲು ಸುಲಭವಾಗಿ ಬಂದುಬಿಡುತ್ತದೆ: ‘ವನ್ ಆಫ್ ದ ಮೆಂಬರ್ ಹ್ಯಾವ್ ಕಂಪ್ಲೇನ್ಡ್.’ ಇದರಲ್ಲಿ ಎರಡು ತಪ್ಪಿವೆ. ‘ಮೆಂಬರ್ಸ್’ ಆಗಬೇಕು, ‘ಹ್ಯಾಸ್’ ಆಗಬೇಕು.

ಮೊದಲ ತಪ್ಪನ್ನು ಕನ್ನಡವೇ ತಿದ್ದುತ್ತದೆ. ‘ಗೆಳೆಯನಲ್ಲಿ ಒಬ್ಬ’ ಎಂದು ನಾವು ಯಾರೂ ಹೇಳುವುದಿಲ್ಲ, ‘ಗೆಳೆಯರಲ್ಲಿ ಒಬ್ಬ’ ಎನ್ನುತ್ತೇವೆ. ಹಲವರಿದ್ದರೆ ತಾನೇ ಅವರಲ್ಲೊಬ್ಬ? ಹಾಗಾಗಿ ‘ವನ್ ಆಫ್ ಮೈ ಫ್ರೆಂಡ್ಸ್’. ವಸ್ತುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ‘ಮೂರು ಲಿಫ್ಟಿನಲ್ಲಿ ಒಂದು ಕೆಟ್ಟಿದೆ’ ಎಂದು ಮಾತಿನಲ್ಲಿ ‘ಗಳು’ ಬಿಟ್ಟೇ ಹೇಳುತ್ತೇವೆ. ಆ ರೂಢಿಯೇ ಇಂಗ್ಲಿಷಿಗೂ ಬಂದು ಬಹುವಚನದ ‘ಎಸ್’ ಬಿದ್ದುಹೋಗುತ್ತದೆ. ನಡುವೆ ವಿಶೇಷಣ ಬಂದರಂತೂ ನಾಮಪದ ದೂರವಾಗಿ ಇನ್ನೂ ಮರೆಯುತ್ತದೆ. 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಎಲಿಫಂಟಾ ಗುಹೆಗಳಿರುವ ತಾಣದ ಬಗ್ಗೆ ಬರೆಯುವಾಗ ‘ವನ್ ಆಫ್ ದ ವರ್ಲ್ಡ್ ಹೆರಿಟೇಜ್ ಸೈಟ್ಸ್’ ಎಂದೇ ಬರೆಯಬೇಕು, ‘ಸೈಟ್’ ಅಲ್ಲ.

ಎರಡನೆಯ ತಪ್ಪಿನ ಬೇರು ನಮ್ಮ ಮರ್ಯಾದೆಯಲ್ಲಿದೆ. ‘ಸದಸ್ಯರಲ್ಲಿ ಒಬ್ಬರು ದೂರಿದ್ದಾರೆ’ ಎನ್ನುವಾಗ ವ್ಯಕ್ತಿ ಒಬ್ಬರೇ ಆದರೂ ಕ್ರಿಯಾಪದ ಬಹುವಚನ. ಇಂಗ್ಲಿಷಿನ ಕ್ರಿಯಾಪದಕ್ಕೆ ಈ ಗೌರವದ ಬಹುವಚನ ಗೊತ್ತಿಲ್ಲ. ಎಷ್ಟೇ ಹಿರಿಯರಾಗಲಿ, ಒಬ್ಬರಾದರೆ ‘ಹ್ಯಾಸ್’, ‘ಈಸ್’. ಜೊತೆಗೆ ‘ವನ್ ಆಫ್ ದ ಲಿಫ್ಟ್ಸ್ ಈಸ್ ನಾಟ್ ವರ್ಕಿಂಗ್’ ಎಂದು ಬರೆಯುವಾಗ ‘ಲಿಫ್ಟ್ಸ್’ ಪಕ್ಕದಲ್ಲೇ ಇರುವುದರಿಂದ ಕಿವಿ ‘ಈಸ್’ ಬದಲು ‘ಆರ್’ ಬಯಸುತ್ತದೆ. ಬರೆದ ಮೇಲೆ ‘ಆಫ್’ನಿಂದ ನಾಮಪದದವರೆಗೆ ಬೆರಳಿನಿಂದ ಮುಚ್ಚಿ ಓದಿ: ‘ವನ್... ಈಸ್ ನಾಟ್ ವರ್ಕಿಂಗ್.’ ಸರಿಯಾದ ರೂಪ ತಾನಾಗಿ ಕಾಣುತ್ತದೆ.

‘ಆಫ್’ ಆದ ಮೇಲೆ ‘ದ’, ‘ಮೈ’, ‘ದೀಸ್’ ಇಂಥದೊಂದು ಪದ ಇರಲೇಬೇಕು, ಒಂದೇ ಇರಬೇಕು. ‘ವನ್ ಆಫ್ ಮೆಂಬರ್ಸ್’ ತಪ್ಪು, ‘ವನ್ ಆಫ್ ದ ಮೈ ಫ್ರೆಂಡ್ಸ್’ ಕೂಡ ತಪ್ಪು. ‘ಫರ್ನಿಚರ್’, ‘ಲಗೇಜ್’ ಎಣಿಕೆಗೆ ಸಿಗದ ಪದಗಳು. ಅವಕ್ಕೆ ‘ಎಸ್’ ಅಂಟಿಸದೆ ‘ವನ್ ಪೀಸ್ ಆಫ್ ಫರ್ನಿಚರ್’ ಎನ್ನಿ.

ನಿಜವಾಗಿ ಕಷ್ಟ ಕೊಡುವುದು ‘ಹೂ’ ಬಂದಾಗ. ‘ಹೀ ಈಸ್ ವನ್ ಆಫ್ ದ ಮೆಂಬರ್ಸ್ ಹೂ ಹ್ಯಾವ್ ನಾಟ್ ಪೇಡ್.’ ಇಲ್ಲಿ ‘ಹ್ಯಾವ್’ ಸರಿ. ಮೇಂಟೆನೆನ್ಸ್ ಕಟ್ಟದ ಸದಸ್ಯರು ಹಲವರು, ಅವರಲ್ಲಿ ಇವರೊಬ್ಬರು. ‘ಹೂ’ ಹಿಡಿದಿರುವುದು ‘ಮೆಂಬರ್ಸ್’ ಅನ್ನು. ಒಳ್ಳೆಯ ಬರಹಗಾರರಲ್ಲೂ ಇಲ್ಲಿ ‘ಹ್ಯಾಸ್’ ಬಳಸುವವರಿದ್ದಾರೆ, ಆದರೆ ಅರ್ಥ ನೋಡಿದರೆ ‘ಹ್ಯಾವ್’ ಗಟ್ಟಿ. ‘ದ ಓನ್ಲಿ ವನ್ ಆಫ್ ದ ಮೆಂಬರ್ಸ್’ ಎಂದು ಶುರುಮಾಡಿದರೆ ಮಾತ್ರ ‘ಹೂ ಹ್ಯಾಸ್ ನಾಟ್ ಪೇಡ್’ ಎಂದೇ ಆಗಬೇಕು, ಏಕೆಂದರೆ ಆಗ ಬಾಕಿದಾರರು ಅವರೊಬ್ಬರೇ. ಕಮಿಟಿಯಲ್ಲಿದ್ದು ನೋಟಿಸ್ ಬರೆಯುವವರು ಈ ‘ಓನ್ಲಿ’ ಸೇರಿಸುವ ಮುನ್ನ ಲೆಜರ್ ತೆಗೆದು ನೋಡಿ. ಇನ್ನೊಬ್ಬರ ಬಾಕಿಯೂ ಇದ್ದರೆ ಆ ಸಾಲು ಸುಳ್ಳಾಗುತ್ತದೆ.